ಹತ್ತನೆಯ ಚಕ್ರ

ವಾಲ್ಪರೈಸೋ ಊರಿನ ನೆತ್ತಿಯಲ್ಲಿ, ತಗಡು ಹೊದ್ದ ಮನೆಯ ಮಾಳಿಗೆಯಲ್ಲಿ
ಓನೊಫ್ರೆ ಬಾರಿಯೆಂತೋಸ್ ಒಂದು ಯಂತ್ರ ಮಾಡಿದ್ದಾನೆ.
ಏನು ಮಾಡುತ್ತದೆ ಅಂತ ಕೇಳಬೇಡಿ. ತಿರುಗುತ್ತದೆ.
ಕೆಳಗಿನ ಕೋಣೆಯ ಬಾಡಿಗೆಯವಳು ನಾನು;
ಅದರ ಗುಂಯ್ ನನ್ನ ತಲೆದಿಂಬಿನೊಳಗೂ ಇದೆ.

ಗುಡ್ಡ ಹತ್ತಿಸುವ ಹಳಿಬಂಡಿಗೆ ಮೂವತ್ತೊಂದು ವರ್ಷ
ಗ್ರೀಸು ಬಳಿದ ಕೈ. ಬಂಡಿ ನಿಂತಿತು, ಕೈ ನಿಲ್ಲಲಿಲ್ಲ.
ಮೀನಿನ ಕಾರ್ಖಾನೆಯ ಫ್ಯಾನಿನಿಂದ ಬಿಚ್ಚಿದ ಮೋಟಾರು,
ಬಂದರಿನ ಗುಜರಿಯಿಂದ ಹಿತ್ತಾಳೆ,
ಹಲ್ಲು ಮಾತ್ರ ತಾನೇ ಅರ ಹಿಡಿದು ಕೊರೆದದ್ದು,
ಒಂದೊಂದೇ.

ಮೊದಲ ಚಕ್ರ ನಲವತ್ತು ಸುತ್ತು ಬಂದರೆ
ಎರಡನೆಯದು ಒಂದು. ಅದು ನಲವತ್ತು ಬಂದರೆ
ಮೂರನೆಯದು ಒಂದು. ಇಷ್ಟೇ ಕಾನೂನು.
ಮೊದಲನೆಯದು ಸೆಕೆಂಡಿಗೊಮ್ಮೆ,
ಮೂರನೆಯದು ಹುರುಳಿಕಾಳು ಅರೆಬೆಂದ ಹೊತ್ತಿಗೊಮ್ಮೆ,
ಐದನೆಯದು ಹುಣ್ಣಿಮೆಯಿಂದ ಹುಣ್ಣಿಮೆಗೆ.
ಇದನ್ನವನು ಬೇಕೆಂದು ಮಾಡಿದ್ದಲ್ಲವಂತೆ, ತಾನಾಗಿ ಬಂತು,
ಅದಕ್ಕೇ ಆ ಒಂದನ್ನು ತುಸು ಹೆಚ್ಚು ಒರೆಸುತ್ತಾನೆ.
ಏಳನೆಯದು ಒಂದು ಸುತ್ತು ಮುಗಿಸುವಾಗ
ಈಗ ಬೀದಿಯಲ್ಲಿ ಚೆಂಡು ಒದೆಯುತ್ತಿರುವವರು ಯಾರೂ ಇರುವುದಿಲ್ಲ.
ಎಂಟಕ್ಕೆ ಐದು ಸಾವಿರ ವರ್ಷ.
ಹತ್ತನೆಯದಕ್ಕೆ ಎಂಬತ್ತು ಲಕ್ಷ ದಾಟುತ್ತದೆ.
ಅದರ ಹಲ್ಲಿಗೆ ಅವನು ಕೋಟು ನೇತುಹಾಕುತ್ತಾನೆ:
"ಊರಲ್ಲಿ ಇದಕ್ಕಿಂತ ಗಟ್ಟಿ ಗೂಟ ಎಲ್ಲಿದೆ?"

ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ ನೆಲ ನಡುಗಿತು.
ಮೊದಲು ನಾಯಿಗಳು, ಆಮೇಲೆ ಕಿಟಕಿಗಳು, ಆಮೇಲೆ ನಾವು.
ಒಂದೂವರೆ ನಿಮಿಷ. ತಟ್ಟೆಗಳು, ಇಗರ್ಜಿಯ ಒಂದು ಮೂಲೆ,
ವೆನ್ಸೆಸ್ಲಾವೊನ ಬೇಕರಿಯ ಚಿಮಣಿ.
ಯಂತ್ರಕ್ಕೆ ಏನೂ ಆಗಲಿಲ್ಲ. ಕರೆಂಟು ಹೋಯಿತು.

ಗುಂಯ್ ನಿಂತದ್ದು ನನಗೆ ಕೇಳಿಸಿತು,
ಅಷ್ಟು ವರ್ಷದಲ್ಲಿ ಅದನ್ನು ಸರಿಯಾಗಿ ಕೇಳಿದ್ದೇ ಆವತ್ತು.
ಮೇಣದಬತ್ತಿ ಹಿಡಿದು ಹತ್ತಿದೆ. ಸ್ಟೂಲಿನ ಮೇಲೆ ಓನೊಫ್ರೆ,
ಮೊದಲ ಚಕ್ರ ಕೈಯಲ್ಲೇ ತಿರುವುತ್ತ, ತುಟಿಯಲ್ಲಿ ಎಣಿಕೆ.
ಹತ್ತನೆಯದು ನಿಂತರೂ ನಡೆದರೂ
ನೋಡಲು ಒಂದೇ ಅಲ್ಲವೇ, ಅಂದೆ.
"ನೋಡಲು," ಅಂದ.

ಆರು ದಿನ.
ನೀರಿನ ಲಾರಿಗೆ ಸಾಲು ನಿಂತವರು ಬಕೆಟ್ಟು ಸಾಲಲ್ಲೇ ಬಿಟ್ಟು
ಮೇಲೆ ಬಂದು ಪಾಳಿ ಮುಗಿಸಿ ಹೋದರು.
ಗ್ಯಾಸ್ ಸಿಲಿಂಡರಿನವನು ಬಂದ. ವೆನ್ಸೆಸ್ಲಾವೊ ಬಂದ
(ಒಲೆ ಇಲ್ಲದಿದ್ದರೂ ಬೆಳಗಿನ ನಾಲ್ಕಕ್ಕೆ ಅವನಿಗೆ ಎಚ್ಚರ).
ಪೊಲೀಸನೊಬ್ಬ, ಟೋಪಿ ತೆಗೆದಿಟ್ಟು, ಅರ್ಧ ಗಂಟೆ.
ಯಾಕೆ ಅಂತ ಯಾರೂ ಕೇಳಲಿಲ್ಲ. ಗಾಜು ಗುಡಿಸಿ ಗುಡಿಸಿ
ಬೇರೇನಾದರೂ ಮಾಡಬೇಕಿತ್ತು ಕೈಗಳಿಗೆ.
ನನ್ನ ಪಾಳಿ ಗುರುವಾರ, ನಡುರಾತ್ರಿ ಎರಡರಿಂದ ನಾಲ್ಕು.

ಶಾಲೆ ಮುಚ್ಚಿತ್ತು, ನಿಯೆವೆಸ್ ಕೂತು ಲೆಕ್ಕ ಹಾಕಿದಳು:
ನಾನು ತಿರುವಿದ್ದು ಏಳು ಸಾವಿರದ ಇನ್ನೂರು ಸುತ್ತು.
ಅದರಿಂದ ಹತ್ತನೆಯ ಚಕ್ರದ ಅಂಚು ಸರಿದದ್ದು
ಒಂದು ಅಣುವಿನ ಹತ್ತರಲ್ಲೊಂದು ಪಾಲೂ ಇಲ್ಲ.
ನನ್ನ ತೋಳು ಮಾತ್ರ ಎರಡು ದಿನ ಮೇಲೇಳಲಿಲ್ಲ.

ಓನೊಫ್ರೆ ನಕ್ಕ. "ಅಷ್ಟೂ ಇಲ್ಲ ಮಗೂ.
ಹಲ್ಲಿಗೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಸಡಿಲು,
ಎಷ್ಟು ಉಜ್ಜಿದರೂ ಉಳಿಯುತ್ತದೆ.
ಒಂದೊಂದು ಚಕ್ರವೂ ಆ ಸಡಿಲು ದಾಟಿದ ಮೇಲೇ
ಮುಂದಿನದನ್ನು ಮುಟ್ಟುವುದು. ಸುದ್ದಿ ಈಗ
ಒಂಬತ್ತನೆಯದರ ತನಕ ಹೋಗಿದೆ.
ಹತ್ತಕ್ಕೆ ಇನ್ನೂ ಗೊತ್ತಿಲ್ಲ."

ಭಾನುವಾರ ಸಂಜೆ ಬಲ್ಬು ಹತ್ತಿತು.
ಮೋಟಾರು ಗ್ಯಾಸಿನವನ ಕೈಯಿಂದ ಚಕ್ರ ಕಸಿದುಕೊಂಡಿತು,
ಬೆರಳ ಚರ್ಮ ಸಮೇತ. ಅವನು ಬೈದ ಬೈಗುಳಕ್ಕೆ
ಕೆಳಗಿನ ಬೀದಿಯವರೂ ನಕ್ಕರು.
ಓನೊಫ್ರೆ ಎದ್ದ, ಹತ್ತನೆಯದರಿಂದ ಕೋಟು ತೆಗೆದು ತೊಟ್ಟ,
ಎಲ್ಲಾದರೂ ಬ್ರೆಡ್ಡು ಸಿಕ್ಕೀತೇ ನೋಡಲು
ಮೆಟ್ಟಿಲಿಳಿದು ಹೋದ.