ಸಭೆಯ ಉತ್ತರ

ಭದ್ರಾವತಿ ಪೇಪರ್ ಟೌನಿನ ನಮ್ಮ ಮಂದಿರದಲ್ಲಿ
ಕೂಸಿನ ತಲೆಗೆ ನೀರು ಹಾಕುವುದಿಲ್ಲ.
ಶುಭಲತಾಳ ದೊಡ್ಡಮ್ಮ, ಸಾಗರದಿಂದ ಬಂದ ಕಥೋಲಿಕರು,
ಬಾಗಿಲಲ್ಲೇ ನನ್ನ ಸೆರಗು ಜಗ್ಗಿ ಕೇಳಿದರು:
"ನೀರಿಲ್ಲ, ಎಣ್ಣೆಯಿಲ್ಲ, ಮತ್ತೆ ಇದು ಎಂಥದು?"
ಅರ್ಪಣೆ, ಅಂದೆ.
"ಕೊಟ್ಟು ಬರೋದಾ?"
ಕೊಟ್ಟು, ಮತ್ತೆ ಮನೆಗೆ ತರೋದು.
ಅವರು ನಕ್ಕರು.
ನನಗೂ ಅದು ಅಂಗಡಿ ಲೆಕ್ಕದ ಹಾಗೆ ಕೇಳಿಸಿತು.

ಹೇಗೆ ತಿಳಿಸಲಿ ಅವರಿಗೆ,
ನೀರಿಗೆ ಕೂಸು ತಾನೇ ನಡೆದು ಬರಬೇಕು ಒಂದು ದಿನ
ಭದ್ರಾ ಹೊಳೆಯ ಮೆಟ್ಟಿಲಿಳಿದು, ಬಾರದೆಯೂ ಇರಬಹುದು.
ಅದರ ಹೌದನ್ನು ನಾವು ಮುಂಗಡ ಪಡೆಯುವ ಹಾಗಿಲ್ಲ.
ಇವತ್ತು ಬರೀ ನಮ್ಮ ಹೌದು.

ನನ್ನ ಕೆಲಸ ಅಕ್ಷರದ್ದು.
ಕಾರ್ಖಾನೆ ಶಾಲೆಯಲ್ಲಿ ಕಾಪಿ ತಿದ್ದಿದ ಕೈ,
ಹತ್ತೊಂಬತ್ತು ವರ್ಷದಿಂದ ಅರ್ಪಣಾ ಪತ್ರ ಬರೆಯುತ್ತದೆ.
ಹಾಳೆ ಸ್ಟೋರಿನ ದಾನಪ್ಪ ಕೊಟ್ಟದ್ದು,
ನಮ್ಮ ಊರಲ್ಲೇ ಆದ ದಪ್ಪ ಹಾಳೆ.
ಯಂತ್ರ ನಿಂತಿತು, ದಾನಪ್ಪ ಹೋದರು,
ಕಟ್ಟಿನಲ್ಲಿ ಇನ್ನು ಹನ್ನೊಂದು ಉಳಿದಿವೆ, ಅಂಚು ಹಳದಿ.
ನಿನ್ನೆ ರಾತ್ರಿ ಬರೆದೆ: ಹದಸ್ಸಾ.
ಒತ್ತು ಕೊಡುವಾಗ ಶಾಯಿ ತುಸು ಹರಡಿತು.

ಪಾಸ್ಟರ್ ಸತ್ಯಮಿತ್ರ ಕೂಸನ್ನೆತ್ತಿಕೊಂಡರು,
ಕೂಸು ಅವರ ಕನ್ನಡಕವನ್ನು ಹಿಡಿದುಕೊಂಡಿತು.
ಒಂದೇ ಕಣ್ಣಲ್ಲಿ ಓದಿದರು:
ಬೇಡಿ ಹೆತ್ತ ಮಗನನ್ನು ದೇವರ ಮನೆಯಲ್ಲಿ ಬಿಟ್ಟ ತಾಯಿ
ವರ್ಷಕ್ಕೊಂದು ಪುಟ್ಟ ಅಂಗಿ ಹೊಲಿದು ತರುತ್ತಿದ್ದಳಂತೆ.
ವರ್ಷವಿಡೀ ನೋಡದ ಮಗನ ತೋಳಿನ ಅಳತೆ
ಆಕೆಗೆ ಹೇಗೆ ಸಿಗುತ್ತಿತ್ತು?
ಅದನ್ನು ಅವರು ಹೇಳಲಿಲ್ಲ.

ಹೆತ್ತವರಿಗೆ ಮೂರು ಪ್ರಶ್ನೆ.
ಶುಭಲತಾಳ ಹೌದು ಗಂಟಲಲ್ಲೇ ಒದ್ದೆಯಾಯಿತು.
ಕಂಡಕ್ಟರ್ ಎಲಿಯಾಜರನ ಹೌದು
ರೈಟ್ ಅಂದ ಹಾಗಿತ್ತು, ಎಲ್ಲರೂ ನಕ್ಕರು.
ಆಮೇಲೆ ಪಾಸ್ಟರ್ ನಮ್ಮ ಕಡೆ ತಿರುಗಿದರು:
"ಸಭೆಯವರೇ, ಈ ಮಗು ಬೆಳೆಯುವಾಗ ಜೊತೆಗಿರುತ್ತೀರಾ?"
ಇರುತ್ತೇವೆ, ಅಂದೆವು, ನಲವತ್ತು ಬಾಯಿ,
ಹಾಜರಿ ಕೂಗಿದಾಗ ಅನ್ನುವ ಹಾಗೆ.
ಎಷ್ಟು ಹಗುರ, ಗುಂಪಿನ ಮಾತು.
ಹೊತ್ತುಕೊಂಡು ಮನೆಗೆ ಹೋಗಬೇಕಾದವರು ಯಾರೂ ಇಲ್ಲ.

ಆ ಕಟ್ಟಿನ ಮೊದಲ ಹಾಳೆ ಯೋತಾಮನದು.
ಅವತ್ತೂ ಅಂದಿದ್ದೆ, ಇದೇ ಕುರ್ಚಿಯಲ್ಲಿ, ಇನ್ನೂ ಜೋರಾಗಿ.
ಅವನಪ್ಪ ತೀರಿಕೊಂಡ ವರ್ಷ
ಹತ್ತನೆಯ ತರಗತಿಯ ಫೀಸಿಗೆ ಅವನು ಮನೆಮನೆ ಅಲೆದಾಗ
ನನಗೆ ಮೊಣಕಾಲು ನೋವಿತ್ತು.
ಬರುವುದು ಬಿಟ್ಟ. ಸಭೆ ಪ್ರಾರ್ಥಿಸಿತು,
ಹೆಸರು ಹೇಳದೆ, ದಾರಿ ತಪ್ಪಿದವರ ಸಾಲಿನಲ್ಲಿ ಸೇರಿಸಿ.
ಬಿ.ಎಚ್. ರಸ್ತೆಯ ಪಂಕ್ಚರ್ ಅಂಗಡಿ ಬಂದಾಗ
ಆಟೋದಲ್ಲಿ ನಾನು ಚೀಲದೊಳಗೆ ಏನೋ ಹುಡುಕುತ್ತೇನೆ.

ಪತ್ರದಲ್ಲಿ ತಂದೆಗೊಂದು ಗೆರೆ, ತಾಯಿಗೊಂದು,
ಸಭಾಪಾಲಕರ ಸಹಿಗೊಂದು.
ಇರುತ್ತೇವೆ ಅಂದವರಿಗೆ ಗೆರೆಯಿಲ್ಲ.
ಗೆರೆ ಎಳೆದವಳು ನಾನೇ.

ಕೇಸರಿಬಾತ್ ಹಂಚಿದರು. ಹದಸ್ಸಾ ನಿದ್ದೆ ಹೋಗಿದ್ದಳು,
ಕೊಟ್ಟದ್ದು ಯಾರಿಗೆ, ತಂದದ್ದು ಯಾರು, ಒಂದೂ ತಿಳಿಯದೆ,
ದೊಡ್ಡಮ್ಮನ ತೋಳಲ್ಲಿ.
ಅವರು ಗುಟ್ಟಾಗಿ ಕೂಸಿನ ಹಣೆಗೆ ಶಿಲುಬೆ ಎಳೆದದ್ದನ್ನು
ನೋಡಿಯೂ ನೋಡದ ಹಾಗೆ ಎದ್ದೆ.
ಡಬ್ಬಿಗೆ ಎರಡು ಸೌಟು ಹಾಕಿಸಿಕೊಂಡೆ.

ಯೋತಾಮ ಒಬ್ಬನೇ ಇದ್ದ.
ತೊಟ್ಟಿಯ ನೀರಲ್ಲಿ ಟ್ಯೂಬು ಮುಳುಗಿಸಿ
ಗುಳ್ಳೆ ಏಳುವ ಜಾಗಕ್ಕೆ ಕಾಯುತ್ತಿದ್ದ,
ಅವಸರವಿಲ್ಲದೆ, ಇಂಚಿಂಚೇ ಸರಿಸುತ್ತ.
ತಲೆ ಎತ್ತಿದ.
"ಟೀಚರಮ್ಮ ಅಲ್ವಾ? ಗಾಡಿಗೇನಾಯ್ತು?"

ಗಾಡಿ ಇಲ್ಲ ಯೋತಾಮ,
ಅಂದೆ.
ಒಂದು ಕ್ಷಣ ನನ್ನನ್ನೇ ನೋಡಿ,
ಕೈಯೊರೆಸಿಕೊಂಡು
ಕಬ್ಬಿಣದ ಸ್ಟೂಲನ್ನು ನೆರಳಿಗೆ ಎಳೆದ.