ಹನ್ನೊಂದು ಸೆಕೆಂಡು

ಮೆಲ್ಬರ್ನಿನ ಓಕ್ಲಿ ಪೇಟೆ, ರೈಲುಹಳಿಯ ಪಕ್ಕ
ಎರಡೇ ತೆರೆಗಳ ಹಳೇ ಟಾಕೀಸು.
ನಾನಲ್ಲಿ ಟಿಕೆಟ್ ಹರಿಯುವವನು,
ಆಟ ಬಿಟ್ಟ ಮೇಲೆ ಕಸ ಗುಡಿಸುವವನೂ ನಾನೇ.

ಈ ವಾರ ಬಂದದ್ದು ಗ್ರೀಕರ ಯುದ್ಧದ ಕತೆ:
ಹೆಂಡತಿಯೊಬ್ಬಳಿಗಾಗಿ ಸಾವಿರ ಹಡಗು,
ಮರದ ಕುದುರೆಯ ಬಸಿರಲ್ಲಿ ಉಸಿರು ಬಿಗಿಹಿಡಿದ ದಂಡು.
ನಲವತ್ತನಾಲ್ಕು ವರ್ಷದ ಹಿಂದೆ ತೆಗೆದದ್ದು.
ಆಗ ಎರಡೂಕಾಲು ಗಂಟೆ, ಈಗ ಮೂರೂಮುಕ್ಕಾಲು.
ಯಾವುದೋ ಗೋದಾಮಿನ ತಗಡಿನ ಡಬ್ಬಿಯಲ್ಲಿ
ಕತ್ತರಿಸಿ ಬಿಸುಟ ತುಂಡುಗಳು ಸಿಕ್ಕವಂತೆ;
ಪೋಸ್ಟರಿನ ಮೇಲೆ ಚಿನ್ನದಕ್ಷರ: ಪೂರ್ಣ ಆವೃತ್ತಿ.

ನನಗಿದು ಹೊಸತಲ್ಲ.
ನಮ್ಮ ಕಡೆ ಆಟವೆಂದರೆ ಬೆಳಗಿನ ತನಕ.
ಆಮೇಲೆ ಬಂತು ಕಾಲಮಿತಿ,
ಹನ್ನೆರಡೂವರೆಗೆ ಮಂಗಳ, ಎಲ್ಲರೂ ಮನೆಗೆ.
ರಾಜನ ಒಡ್ಡೋಲಗ ಬೇಕು, ರಕ್ಕಸನ ಅಬ್ಬರ ಬೇಕೇ ಬೇಕು,
ಹಾಗಾಗಿ ಮೊದಲು ಹೋದವನು ಕೋಡಂಗಿ.
ನನ್ನ ಐತ ಮಾವ ಹತ್ತೊಂಬತ್ತು ತಿರುಗಾಟ ಕೋಡಂಗಿ ಕುಣಿದವನು,
ಇಪ್ಪತ್ತನೆಯದಕ್ಕೆ ಮೇಳದ ಪೆಟ್ಟಿಗೆ ಹೊತ್ತ.

ಎವ್ದೋಕಿಯಾ ಅಜ್ಜಿ ಬಂದದ್ದು ಮಂಗಳವಾರ, ಒಂದೂವರೆಯ ಆಟಕ್ಕೆ.
ಕಪ್ಪು ಸ್ವೆಟರು, ಚೀಲದಲ್ಲಿ ಎಳ್ಳು ಮೆತ್ತಿದ ಬಿಸ್ಕತ್ತು
(ಹೊರಗಿನ ತಿಂಡಿ ತರಬಾರದು. ನಾನು ನೋಡಲಿಲ್ಲ).
"ನನ್ನ ಗಂಡ ಇದ್ದಾನೆ ಇದರಲ್ಲಿ," ಅಂದರು,
ಒಳಗೆ ಕಾಯುತ್ತಿದ್ದಾನೆ ಎಂಬಂತೆ.

ಥನಾಸಿಸ್, ಟೈರು ಕಾರ್ಖಾನೆಯವನು.
ಜೀಲಾಂಗಿನಾಚೆಯ ಕಡಲತಡಿಗೆ ಬಸ್ಸಲ್ಲಿ ತುಂಬಿ ಒಯ್ದಿದ್ದರಂತೆ,
ಗ್ರೀಕರಂತೆ ಕಾಣುವ ಗ್ರೀಕರು ಬೇಕೆಂದು.
ಎಂಟು ದಿನ ಬಿಸಿಲು, ತಗಡಿನ ಎದೆಗವಚ, ಮಧ್ಯಾಹ್ನಕ್ಕೊಂದು ಪೈ.
ಬಿಡುಗಡೆಯ ದಿನ ಇಡೀ ಬೀದಿಯನ್ನೇ ಕರೆದೊಯ್ದ.
ಎರಡೂಕಾಲು ಗಂಟೆ ಬೀದಿ ಅವನನ್ನು ಹುಡುಕಿತು.
ಅಲ್ಲಿಂದ ಸಾಯುವ ತನಕ ಕಾಫಿಯಂಗಡಿಯಲ್ಲಿ ಅವನ ಹೆಸರು
ಸೇನಾಪತಿ.

ಟಾರ್ಚು ಆರಿಸಿ ಪಕ್ಕದ ಹಾದಿಯಲ್ಲಿ ನಿಂತೆ.
ಐವತ್ತೆರಡನೆಯ ನಿಮಿಷ.
ಡೇರೆಯಲ್ಲಿ ದೊರೆಗಳ ಜಗಳ, ಮುಗಿಯುವುದೇ ಇಲ್ಲ.
ಆಮೇಲೆ, ಕತೆಗೆ ಬೇಕಿಲ್ಲದ ಒಂದು ದಡ.
ಒಬ್ಬ ಸಿಪಾಯಿ ಒಂಟಿಕಾಲಲ್ಲಿ ನಿಂತು
ಚಪ್ಪಲಿ ಬಿಚ್ಚಿ ಮರಳು ಕೊಡವುತ್ತಾನೆ.
ಕೊಡವಿ, ತಲೆಯೆತ್ತಿ,
ನೋಡಬಾರದೆಂದು ಎಷ್ಟು ಸಲ ಹೇಳಿದ್ದರೋ,
ಕ್ಯಾಮೆರಾವನ್ನೇ ನೋಡಿಬಿಡುತ್ತಾನೆ.
ಮೂರು ಸಾವಿರ ವರ್ಷ ಅಲ್ಲೊಮ್ಮೆ ಎಡವುತ್ತದೆ.
ಅದಕ್ಕೇ ಬಿದ್ದದ್ದು ಕತ್ತರಿ. ನಾನಾದರೂ ಹಾಕುತ್ತಿದ್ದೆ.
ಹನ್ನೊಂದು ಸೆಕೆಂಡು. ಆರು ಆಟಗಳಲ್ಲಿ ಎಣಿಸಿದ್ದೆ,
ಯಾರೆಂದು ಗೊತ್ತಿರಲಿಲ್ಲ ಅಷ್ಟೆ.

ಅಜ್ಜಿ ಅಳಲಿಲ್ಲ.
"ಚಪ್ಪಲಿ ಚಿಕ್ಕದು ಅಂದಿದ್ದ," ಎಂದರು ಕತ್ತಲಿಗೆ,
"ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು.
ಉಪ್ಪುನೀರಲ್ಲಿ ಕಾಲಿಡಿಸಿ ಎಣ್ಣೆ ಹಚ್ಚಿದವಳು ನಾನು.
ಬೀದಿಯವರಿಗೆ ಅದನ್ನು ಹೇಗೆ ತೋರಿಸಲಿ?"

ತೆರೆಯ ಮೇಲೆ, ಮಹಾವೀರನ ಹಿಮ್ಮಡಿಗೆ ಬಾಣ ನಾಟಲು
ಇನ್ನೂ ಎರಡು ಗಂಟೆಯಿತ್ತು.

"ಮತ್ತೆ ಬರುತ್ತಾನಾ?"
ಬರುವುದಿಲ್ಲ.
"ಕೋಟೆಗೆ ಬೆಂಕಿ ಬಿದ್ದಾಗ ತುಂಬ ಜನ ಓಡುತ್ತಾರೆ,
ಸರಿಯಾಗಿ ನೋಡಿ," ಅಂದೆ.
ಅವರು ಕನ್ನಡಕ ಒರೆಸಿಕೊಂಡರು.

ಕೋಟೆ ಉರಿಯಿತು. ಓಡುವ ಒಂದೊಂದು ಮುಖಕ್ಕೂ
ಕುರ್ಚಿಯ ಕೈಮೇಲೆ ಅವರ ತೋರುಬೆರಳು
ಎದ್ದಿತು, ಇಳಿಯಿತು, ಎದ್ದಿತು.

ದೀಪ ಹಾಕಿದೆ. ಏಳನೇ ಸಾಲಿನ ಕೆಳಗೆ ಎಳ್ಳು.
ಐತ ಮಾವ ಕುಣಿದದ್ದರ ಒಂದು ಫೋಟೋ ಸಹ ಇಲ್ಲ ನಮ್ಮಲ್ಲಿ;
ಮೊದಲು ಎತ್ತುತ್ತಿದ್ದದ್ದು ಎಡಗಾಲೋ ಬಲಗಾಲೋ, ಮರೆತಿದ್ದೇನೆ.
ಪೊರಕೆ ಹಿಡಿದು, ಖಾಲಿ ತೆರೆಯ ಮುಂದೆ,
ಒಮ್ಮೆ ಈ ಕಾಲೆತ್ತಿ ನೋಡಿದೆ. ಒಮ್ಮೆ ಆ ಕಾಲು.
ಆರರ ಆಟಕ್ಕೆ ಆಗಲೇ ಹೊರಗೆ ಜನ.