ಎಂಬತ್ತಕ್ಕೆ ಹೋಗುವ ದಾರಿ

ಪ್ರತಿ ಜುಲೈಯಲ್ಲಿ ಎರಡು ಸಲ
ಕಂಕನಾಡಿ ಮಾರ್ಕೆಟಿನ ಪುತ್ತಬ್ಬನ ಅಂಗಡಿಗೆ
ಸ್ಟೀಲಿನ ಡಬ್ಬಿ ಹಿಡಿದು ಹೋಗುತ್ತೇನೆ.
ಒಡೆಯದ ಹಾಗೆ ತೆಗೆದುಕೊಡಿ ಎಂದರೆ ಸಾಕು,
ಅವರಿಗೆ ಗೊತ್ತುಂಟು ಇದು ಕಾಲೇಜಿಗೆ ಎಂದು.
ಆದರೂ ಹೇಳದೆ ಬಿಡುವುದಿಲ್ಲ:
ಕಾಳುಮೆಣಸು ಹಾಕಿ ಹುರಿದು ಕೊಟ್ಟು ನೋಡಿ ಮಾರಾಯ್ರೆ,
ನಿಮ್ಮ ಮಕ್ಕಳೆಲ್ಲ ರ‍್ಯಾಂಕ್ ಬರುತ್ತಾರೆ.

ಶನಿವಾರ ಫಾರ್ಮಲಿನ್ನಿಗೆ ಹಾಕಿದರೆ
ಮುಂದಿನ ಗುರುವಾರಕ್ಕೆ ಚಾಕು ತಾಳುವಷ್ಟು ಗಟ್ಟಿ.
ಹಸಿಯಲ್ಲಿ ಅದು ಎಳೆ ಬೊಂಡದ ಗಂಜಿ,
ಬೆರಳು ತಾಗಿದಲ್ಲಿ ಗುರುತು ಉಳಿಯುತ್ತದೆ.

ಫಸ್ಟ್ ಇಯರ್ ಮಕ್ಕಳ ಮೂಗಿಗೆ ಕರ್ಚೀಫು.
ಎವ್ಲಿನ್ ಮೇಡಂ ಕಡ್ಡಿಯಿಟ್ಟು ತೋರಿಸುತ್ತಾರೆ:
ಇಲ್ಲಿ ನೋಟ, ಇಲ್ಲಿ ಶಬ್ದ,
ಒಳಗೆ ಅಡಗಿ ಕೂತದ್ದು ಭಯ,
ಹಿಂದೆ ಈ ಪುಟ್ಟ ಹೂಕೋಸಿನಂಥದ್ದು
ಬೀಳದಂತೆ ನಡೆಸುವುದು.
ನೀವು, ನಾನು, ನಮ್ಮ ಸಿಟ್ಟು, ನಮ್ಮ ಸೋಮಾರಿತನ
ಎಲ್ಲ ಒಂದೂವರೆ ಕಿಲೋದ ಒಳಗೆ.
ಬೋರ್ಡಿನ ಹಿಂದೆ ಟ್ರೇ ತೊಳೆಯುತ್ತ
ಹದಿನೇಳು ವರ್ಷ ಈ ಪಾಠ ಕೇಳಿದವನು ನಾನು,
ಪರೀಕ್ಷೆ ಬರೆಯದವನು.

ಮೂರು ವರ್ಷದ ಹಿಂದೆ
ದಕ್ಕೆಯಲ್ಲಿ ಬಂಗುಡೆಯ ಏಲಂ ಕೂಗುವಾಗ
ಅಕ್ಕನ ಬಾಯಿ ಅರ್ಧಕ್ಕೆ ನಿಂತಿತು.
ಬಲಗೈ ಬುಟ್ಟಿಯ ಮೇಲೆ ಇಟ್ಟಲ್ಲೇ ಇತ್ತು
ಬೇರೆ ಯಾರದೋ ಕೈಯ ಹಾಗೆ.
ವೆನ್ಲಾಕಿನಲ್ಲಿ ಫೋಟೊ ಎತ್ತಿ ಹಿಡಿದರು:
ಎಡಗಡೆ, ಹಣೆಯ ಒಳಗೆ,
ಬೂತಾಯಿಯ ತಲೆಯಷ್ಟು ಕಪ್ಪು.

ಆ ಗುರುವಾರ
ಟ್ರೇಯಲ್ಲಿದ್ದುದರ ಎಡಬದಿಗೆ ಬೆರಳಿಟ್ಟು ಕೇಳಿದೆ:
ಮೇಡಂ, ಮಾತಿನ ಜಾಗ ಇದೇ ಅಲ್ಲವಾ?
ಅವರು ತುಸು ಹೊತ್ತು ಸುಮ್ಮನಿದ್ದು
ಆಡಿಗೆ ಆ ಜಾಗ ಇಲ್ಲ ಶೇಖರ, ಎಂದರು.

ಮಕ್ಕಳೆಲ್ಲ ಹೋದ ಮೇಲೆ ಹೇಳಿದರು:
ಪದ ಹುಡುಕುವ ದಾರಿ ಒಂದು,
ಎಣಿಕೆ, ಬೈಗುಳ, ಪ್ರಾರ್ಥನೆ ಬರುವ ದಾರಿ ಬೇರೊಂದು.
ಹೆದ್ದಾರಿ ಕುಸಿದರೂ
ಓಣಿ ಉಳಿದಿರಬಹುದು.

ಬೈಗುಳ ಉಳಿದಿತ್ತು.
ಗಿಡುಗ ಬುಟ್ಟಿಗೆ ಎರಗಿದ ದಿನ ಗೊತ್ತಾಯಿತು.
ಇಡೀ ದಕ್ಕೆ ತಿರುಗಿ ನೋಡಿ ನಕ್ಕಿತು,
ನಕ್ಕವರಲ್ಲಿ ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಣಿಕೆಯೂ ಉಳಿದಿತ್ತು.
ಈಗ ಅಕ್ಕ ಎಡಗೈಯಲ್ಲಿ ತೂಗುತ್ತಾಳೆ.
ಎಷ್ಟು ಎಂದರೆ ಎಂಬತ್ತು ಎನ್ನಲು ಬರುವುದಿಲ್ಲ,
ಎಂಬತ್ತು ಒಂಟಿಯಾಗಿ ಸಿಗುವುದಿಲ್ಲ ಅವಳಿಗೆ.
ಹತ್ತರಿಂದ ಹೊರಡಬೇಕು:
ಪತ್ತ್, ಇರ್ವ, ಮುಪ್ಪ, ನಲ್ಪ,
ಬೆರಳು ಮಡಚುತ್ತ, ಮೆಟ್ಟಿಲು ಹತ್ತಿದ ಹಾಗೆ,
ಐವ, ಅಜಿಪ, ಎಳ್ಪ,
ಎಣ್ಪ ಬಂದೊಡನೆ ತುಟಿ ಕಚ್ಚಿ ನಿಲ್ಲುತ್ತಾಳೆ.
ಗಿರಾಕಿಗಳು ಕಾಯುತ್ತಾರೆ.
ಯಾರಾದರೂ ಚೌಕಾಸಿಗಿಳಿದರೆ
ಮತ್ತೆ ಪತ್ತ್ ಎಂದು ಶುರುಮಾಡಿ
ಈ ಸಲ ಸೊಣ್ಪದಲ್ಲಿ ಹೋಗಿ ನಿಲ್ಲುತ್ತಾಳೆ.
ಅದು ಮೆದುಳಿನ ಯಾವ ಭಾಗದ ಕೆಲಸವೋ
ಮೇಡಂಗೂ ಗೊತ್ತಿಲ್ಲವಂತೆ.

ನನ್ನ ಹೆಸರು ಮಾತ್ರ ಯಾವ ಲೆಕ್ಕದಲ್ಲೂ ಇರಲಿಲ್ಲ.
ಎರಡು ವರ್ಷ ಅವಳು ನನ್ನನ್ನು ಕರೆದದ್ದು
ತಟ್ಟೆಗೆ ಚಮಚ ಬಡಿದು.
ಕಳೆದ ಆಟಿಯಲ್ಲಿ ಒಂದು ರಾತ್ರಿ ಕರೆಂಟು ಹೋಗಿ
ಬೋಳಾರದ ಮನೆಯ ಕತ್ತಲಲ್ಲಿ
ಊಟಕ್ಕೆ ಕುಳಿತಿದ್ದೆವು.
ಬಡಿಸುವ ಮೊದಲು ಅಮ್ಮ ಕೂಗುತ್ತಿದ್ದ ಸಾಲು,
ದೊಡ್ಡವರಿಂದ ಸಣ್ಣವರಿಗೆ,
ಅಕ್ಕನ ಬಾಯಲ್ಲಿ ತನ್ನಷ್ಟಕ್ಕೆ ಬಂತು:
ದೇಜು, ವಾಮನ, ಪದ್ದು,
ಶೇಖ.

ಪದ್ದು ಮುಂಬಯಿಯಲ್ಲಿದ್ದಾಳೆ.
ವಾಮನ ಬೋಟಿನೊಂದಿಗೆ ಹೋದವನು,
ಹನ್ನೊಂದು ವರ್ಷವಾಯಿತು, ಚಪ್ಪಲಿಯೂ ಸಿಗಲಿಲ್ಲ.
ಆ ಹೆಸರು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈಗ ದಿನಕ್ಕೆ ನಾಲ್ಕೈದು ಸಲ,
ನೀರಿಗೆ, ಮಾತ್ರೆಗೆ, ಫ್ಯಾನ್ ಹಾಕುವುದಕ್ಕೆ,
ಅಕ್ಕ ನನ್ನನ್ನು ಕರೆಯುತ್ತಾಳೆ.
ಮೊದಲು ತಾನು, ಆಮೇಲೆ ವಾಮನ.
ಮೊದಲ ಹೆಸರಿಗೇ ಏಳಬಹುದು ನಾನು,
ಯಾರಿಗೆ ಎಂದು ಗೊತ್ತುಂಟಲ್ಲ.
ಏಳುವುದಿಲ್ಲ.
ಸಾಲು ನನ್ನವರೆಗೆ ಬರುವ ತನಕ
ಬಾಗಿಲ ಕಡೆ ನೋಡುತ್ತಿರುತ್ತೇನೆ.